ಗಾಬರಿಯ ಉಸಿರಿಗೆ ಎರಡರ ಮಗ್ಗಿ

ಎದೆ ಡವಡವ ಹೊಡೆದುಕೊಳ್ಳತೊಡಗಿದರೆ ಪಕ್ಕದಲ್ಲಿದ್ದವರು ಮೊದಲು ಹೇಳುವುದೇ "ಜೋರಾಗಿ ಉಸಿರು ಎಳ್ಕೊ" ಎಂದು. ನನ್ನ ಅನುಭವದಲ್ಲಿ ಕೆಲಸ ಕೆಡಿಸುವುದೂ ಅದೇ ಸಲಹೆ. ಗಾಬರಿಯಲ್ಲಿ ಉಸಿರು ಸಾಲುತ್ತಿಲ್ಲ ಅನ್ನಿಸುತ್ತದೆ, ನಿಜ. ಆದರೆ ಆ ಹೊತ್ತಿಗೆ ದೇಹಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಗಾಳಿ ಒಳಗೆ ಹೋಗಿ ಬರುತ್ತಿರುತ್ತದೆ. ಸುಮ್ಮನೆ ಕೂತವರಿಗೆ ನಿಮಿಷಕ್ಕೆ 12ರಿಂದ 20 ಉಸಿರು ಸಾಕು. ಅದನ್ನು ಮೀರಿ ಉಸಿರಾಡಿದಾಗ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಇಳಿದುಹೋಗುತ್ತದೆ. ಮಿದುಳಿನ ರಕ್ತನಾಳಗಳು ಕಿರಿದಾಗಿ ತಲೆ ತೇಲಿದಂತಾಗುತ್ತದೆ. ರಕ್ತದ ಕ್ಷಾರ ಗುಣ ಏರಿ, ಬಿಡಿಯಾಗಿರುವ ಕ್ಯಾಲ್ಸಿಯಂ ಕಡಿಮೆಯಾಗಿ ತುಟಿಯ ಸುತ್ತ, ಬೆರಳ ತುದಿಯಲ್ಲಿ ಜುಮುಜುಮು ಶುರುವಾಗುತ್ತದೆ. ಇನ್ನೂ ಮುಂದುವರಿದರೆ ಬೆರಳುಗಳು ಸೆಟೆದುಕೊಳ್ಳುತ್ತವೆ. ಅದನ್ನು ನೋಡಿ "ಲಕ್ವ ಹೊಡೀತು" ಎಂದು ಹೆದರಿದವರು ಮತ್ತಷ್ಟು ಜೋರಾಗಿ ಉಸಿರಾಡುತ್ತಾರೆ. ಸುಳಿ ಅಲ್ಲಿಂದ ಬಿಗಿಯುತ್ತದೆ.

ಕೋವಿಡ್ ಕಾಲದಲ್ಲಿ ತಂದ, ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್ ಇನ್ನೂ ಡ್ರಾಯರಿನಲ್ಲಿದ್ದರೆ ಆಗ ಬೆರಳಿಗೆ ಸಿಕ್ಕಿಸಿ ನೋಡಬಹುದು. ಉಸಿರು ಕಟ್ಟಿದಂತಿದ್ದರೂ ಸಾಮಾನ್ಯವಾಗಿ 97–99 ತೋರಿಸುತ್ತದೆ. ಗಾಬರಿಯಲ್ಲಿ ಬೆರಳು ತಣ್ಣಗಿರುವುದರಿಂದ ಅಂಕಿ ಕುಣಿಯುತ್ತದೆ, ಹಾಗಾಗಿ ಮೊದಲು ಅಂಗೈ ಉಜ್ಜಿಕೊಳ್ಳಬೇಕು. ಒಂದು ಎಚ್ಚರಿಕೆ: ಆಕ್ಸಿಮೀಟರ್ ಹೃದಯ ಸರಿಯಿದೆ ಎಂದು ಹೇಳುವ ಯಂತ್ರ ಅಲ್ಲ. ಎದೆನೋವು ತೋಳಿಗೋ ದವಡೆಗೋ ಹರಿದರೆ, ಮೆಟ್ಟಿಲು ಹತ್ತುವಾಗ ಬಂದು ಕೂತರೆ ಇಳಿಯುವಂತಿದ್ದರೆ, ಎಚ್ಚರ ತಪ್ಪಿದರೆ ಈ ಬರಹ ಪಕ್ಕಕ್ಕಿಟ್ಟು ಆಸ್ಪತ್ರೆಗೆ ಹೋಗಬೇಕು, ಇಲ್ಲವೇ 108ಕ್ಕೆ ಕರೆ ಮಾಡಬೇಕು. "ಗ್ಯಾಸ್ ಇರ್ಬೇಕು" ಎಂದು ಸೋಡಾ ಕುಡಿದು ಕಾಯುವ ಹೊತ್ತು ಅದಲ್ಲ.

ಉಸಿರಿನ ಅಭ್ಯಾಸಕ್ಕೆ ಇಳಿಯುವ ಮುನ್ನ ಒಮ್ಮೆ ವೈದ್ಯರಿಗೆ ತೋರಿಸಿ ಇಸಿಜಿ, ಹಿಮೋಗ್ಲೋಬಿನ್, ಸಕ್ಕರೆ, ಥೈರಾಯಿಡ್‌ನ ಟಿಎಸ್‌ಎಚ್ ನೋಡಿಸಿಕೊಂಡಿರಬೇಕು. ಥೈರಾಯಿಡ್ ಹೆಚ್ಚಿದ್ದರೆ, ರಕ್ತಹೀನತೆ ಇದ್ದರೆ ಎದೆಬಡಿತ ಹೀಗೆಯೇ ಇರುತ್ತದೆ. ಆಸ್ತಮಾಗೆ ಬಳಸುವ ಸಾಲ್ಬುಟಮಾಲ್ ಇನ್ಹೇಲರ್ ಕೂಡ ಕೈ ನಡುಗಿಸುತ್ತದೆ.

ನಾನು ಮಾಡುವುದು ಇಷ್ಟು. ಬಾಯಿ ಮುಚ್ಚಿ, ಅಂಗೈ ಹೊಕ್ಕುಳ ಮೇಲಿಟ್ಟು, ಮನಸ್ಸಿನಲ್ಲೇ ಎರಡರ ಮಗ್ಗಿ. ಮೊದಲ ಮೂರು ಸಾಲಿಗೆ ಮೂಗಿನಿಂದ ಮೆಲ್ಲಗೆ ಎಳೆದುಕೊಳ್ಳುವುದು, ಮುಂದಿನ ಐದು ಸಾಲಿಗೆ ಬಿಡುವುದು. ಎರಡೆಂಟ್ಲ ಹದಿನಾರಕ್ಕೆ ಉಸಿರು ಖಾಲಿಯಾಗಿರಬೇಕು. ಗಡಿಯಾರದ ಮುಂದೆ ಕೂತು ಈ ಎಂಟು ಸಾಲು ಹತ್ತು ಸೆಕೆಂಡಿಗೆ ಮುಗಿಯುವಂತೆ ಹೊಂದಿಸಿಕೊಂಡರೆ ನಿಮಿಷಕ್ಕೆ ಆರು ಉಸಿರು. ಬರೀ ಒಂದು, ಎರಡು ಎಂದು ಎಣಿಸಿದರೆ ಗಾಬರಿಯಲ್ಲಿ ಲೆಕ್ಕ ಓಡುತ್ತದೆ. ಮಗ್ಗಿ ಅಷ್ಟು ಸುಲಭಕ್ಕೆ ಓಡುವುದಿಲ್ಲ. ದಿನಕ್ಕೆರಡು ಸಲ, ಐದೈದು ನಿಮಿಷ, ಮನಸ್ಸು ನೆಮ್ಮದಿಯಾಗಿರುವಾಗಲೇ ಕಲಿಯಬೇಕು. ಬೆಂಕಿ ಬಿದ್ದ ಮೇಲೆ ಬಾವಿ ತೋಡಿದರೆ ಉಪಯೋಗವಿಲ್ಲ.

ತಪ್ಪುವುದು ಎಲ್ಲಿ? ನಿಧಾನ ಮಾಡುತ್ತೇನೆಂದು ಎದೆ ತುಂಬ ಎಳೆದರೆ ಒಟ್ಟು ಗಾಳಿ ಅಷ್ಟೇ ಆಯಿತು. ಉಸಿರು ನಿಧಾನವೂ ಇರಬೇಕು, ಸಣ್ಣದೂ ಇರಬೇಕು. ಶುರುಮಾಡಿದ ಒಂದೆರಡು ನಿಮಿಷಕ್ಕೆ 'ಗಾಳಿ ಸಾಲದು' ಎಂಬ ತಹತಹ ಬರುತ್ತದೆ. ಇಳಿದಿದ್ದ ಇಂಗಾಲದ ಡೈಆಕ್ಸೈಡ್ ಮತ್ತೆ ಏರುವಾಗ ಹಾಗಾಗುವುದು ಸಹಜ. ಅಲ್ಲಿ ದೊಡ್ಡದಾಗಿ ನಿಟ್ಟುಸಿರು ಬಿಟ್ಟರೆ ಲೆಕ್ಕ ಮೊದಲಿಗೆ. ಎಂಜಲು ನುಂಗಿ ಮುಂದುವರಿಯುವುದು ವಾಸಿ. ಮಣಿಕಟ್ಟಿನ ನಾಡಿ ಹಿಡಿದು ನೋಡಿದರೆ ಉಸಿರು ಬಿಡುವಾಗ ಬಡಿತ ತುಸು ನಿಧಾನವಾಗುವುದು ಬೆರಳಿಗೇ ಗೊತ್ತಾಗುತ್ತದೆ. ಮಿದುಳಿನಿಂದ ಹೃದಯಕ್ಕೆ ಇಳಿಯುವ ವೇಗಸ್ ನರದ ಕೆಲಸ ಅದು. ಬಿಡುವ ಉಸಿರನ್ನು ಉದ್ದ ಮಾಡುವುದು ಅದಕ್ಕೇ.

ಪ್ರಾಣಾಯಾಮ ಗೊತ್ತಿದ್ದವರು ಆ ಹೊತ್ತಿನಲ್ಲಿ ಕಪಾಲಭಾತಿ, ಭಸ್ತ್ರಿಕಾ ಮಾಡಬಾರದು. ಉರಿಯುವ ಒಲೆಗೆ ಊದಿದಂತೆ. ದುಂಬಿಯಂತೆ ಗುಂಯ್‌ಗುಡುವ ಭ್ರಾಮರಿ ಆದೀತು. ಕಾಗದದ ಚೀಲದೊಳಗೆ ಉಸಿರಾಡುವ ಹಳೆಯ ಉಪಾಯ ಬೇಡ. ತೊಂದರೆ ಆಸ್ತಮಾದ್ದೋ ಹೃದಯದ್ದೋ ಆಗಿದ್ದರೆ ಅದು ಅಪಾಯ.

ಫಿಲ್ಟರ್ ಕಾಫಿಯ ಮಾತು ಯಾರಿಗೂ ಹಿಡಿಸುವುದಿಲ್ಲ, ನನಗೂ. ಎದೆಬಡಿತಕ್ಕೆ ಕುಮ್ಮಕ್ಕು ಕೊಡುವ ಅದರ ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ ಬೇಕು. ಸಂಜೆ ನಾಲ್ಕರ ಗಟ್ಟಿ ಡಿಕಾಕ್ಷನ್ನಿನ ಅರ್ಧ ಪಾಲು ರಾತ್ರಿ ಒಂಬತ್ತಕ್ಕೂ ಮೈಯಲ್ಲಿರುತ್ತದೆ. ಒಮ್ಮೆಲೇ ಬಿಟ್ಟರೆ ತಲೆನೋವು, ಆದ್ದರಿಂದ ವಾರಕ್ಕೆ ಅರ್ಧ ಲೋಟದಂತೆ ಇಳಿಸುವುದು ಒಳ್ಳೆಯದು.

ಇನ್ನೊಂದು ಅಭ್ಯಾಸ ಕೇಳಲು ವಿಚಿತ್ರ, ಫಲ ಹೆಚ್ಚು: ಲಕ್ಷಣಗಳನ್ನು ಬೇಕೆಂದೇ ಬರಿಸುವುದು. ಎದೆಬಡಿತಕ್ಕೆ ಒಂದು ನಿಮಿಷ ನಿಂತಲ್ಲೇ ಓಟ, ತಲೆಸುತ್ತಿಗೆ ತಿರುಗುವ ಕುರ್ಚಿಯಲ್ಲಿ ಅರ್ಧ ನಿಮಿಷ. ಮೊದಲು ಚೀಟಿಯಲ್ಲಿ 'ಬಿದ್ದೇಬಿಡ್ತೀನಿ, ನೂರಕ್ಕೆ 80 ಖಾತ್ರಿ' ಎಂದು ಬರೆದಿಟ್ಟು, ಆಮೇಲೆ ಏನಾಯಿತೆಂದು ಪಕ್ಕದಲ್ಲಿ ಬರೆಯುವುದು. ಇಲ್ಲಿ ಮಗ್ಗಿ ಹೇಳಬಾರದು. ಏನೂ ಮಾಡದೆ ತಾನಾಗೇ ಇಳಿಯುವುದನ್ನು ನೋಡಬೇಕು, ಇಲ್ಲದಿದ್ದರೆ ಮಗ್ಗಿಯಿಂದಲೇ ಬದುಕಿದೆ ಎಂಬ ಹೊಸ ಭಯ ಅಂಟಿಕೊಳ್ಳುತ್ತದೆ. ಹೃದ್ರೋಗ, ಆಸ್ತಮಾ, ಮೂರ್ಛೆರೋಗ ಇದ್ದವರು, ಬಸುರಿಯರು ವೈದ್ಯರನ್ನು ಕೇಳದೆ ಇದಕ್ಕೆ ಕೈಹಾಕಬಾರದು.

ರಕ್ತ, ಸೂಜಿ ಕಂಡರೆ ಕಣ್ಣು ಕತ್ತಲಾಗುವವರ ಲೆಕ್ಕ ಬೇರೆ. ಅವರಿಗೆ ರಕ್ತದೊತ್ತಡ ಏರಿ, ಆಮೇಲೆ ಥಟ್ಟನೆ ಕುಸಿಯುತ್ತದೆ. ಮೈ ಸಡಿಲ ಬಿಟ್ಟರೆ ಬೀಳುವ ಸಾಧ್ಯತೆ ಹೆಚ್ಚು. ಕೂತಲ್ಲೇ ತೊಡೆ, ಹೊಟ್ಟೆ, ಸೂಜಿ ಚುಚ್ಚದ ಕೈಯನ್ನು 10–15 ಸೆಕೆಂಡ್, ಮುಖ ಬಿಸಿಯಾಗುವವರೆಗೆ ಬಿಗಿಹಿಡಿದು, 20–30 ಸೆಕೆಂಡ್ ಬಿಡಬೇಕು. ಹೀಗೆ ಐದು ಸಲ. ಟಿಎಸ್‌ಎಚ್ ಪರೀಕ್ಷೆಗೆ ರಕ್ತ ಕೊಡಲು ಹೋದಾಗಲೇ ಬೇಕಾಗಬಹುದು.

ಆತಂಕ ತಗ್ಗಿಸುವ ಆಲ್ಪ್ರಜೋಲಮ್ ಗುಳಿಗೆಯನ್ನು ನೆರೆಯವರ ಡಬ್ಬಿಯಿಂದ ತೆಗೆದುಕೊಳ್ಳುವುದು ಮಾತ್ರ ಬೇಡ. ಅದು ಬೇಗ ರೂಢಿಯಾಗುತ್ತದೆ, ಬಿಡುವಾಗ ಆತಂಕ ದುಪ್ಪಟ್ಟು. ಕೆಲಸ, ನಿದ್ದೆ, ಬಸ್ ಹತ್ತುವುದು ನಿಂತುಹೋಗುವಷ್ಟಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಬಹುದು. 2022ರ ಅಕ್ಟೋಬರ್‌ನಿಂದ ನಡೆಯುತ್ತಿರುವ ಉಚಿತ ಸೇವೆ, ಕನ್ನಡದಲ್ಲೇ ಮಾತಾಡುತ್ತಾರೆ.