ಎಐ ಅಸಿಸ್ಟೆಂಟ್‌ಗೆ ಲುವಾ ಜೋಡಿಸಿದ ಬಗೆ

ಎಐ ಅಸಿಸ್ಟೆಂಟ್‌ಗಳು ಕೋಡ್ ಬರೆಯುವುದರಲ್ಲಿ ಜೋರು. ಆದರೆ ಆ ಕೋಡ್ ಓಡಿಸಿದರೆ ಏನು ಬರುತ್ತದೆ ಎಂದು ಕೇಳಿ, ಎಷ್ಟೋ ಸಲ ಅಂದಾಜಿನ ಮೇಲೆ ಹೇಳಿಬಿಡುತ್ತವೆ. ‘ಕನ್ನಡ’ ಎಂಬ ಪದವನ್ನೇ ತೆಗೆದುಕೊಳ್ಳಿ. ಕಣ್ಣಿಗೆ ಕಾಣುವುದು 3 ಅಕ್ಷರ. ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡ್ ಲೆಕ್ಕದಲ್ಲಿ 5. ಲುವಾ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಅದರ ಉದ್ದ ಕೇಳಿದರೆ ಬೈಟ್ ಎಣಿಸಿ 15 ಅನ್ನುತ್ತದೆ. ಇಂಥದ್ದನ್ನೆಲ್ಲ ಊಹಿಸುವ ಬದಲು ಓಡಿಸಿಯೇ ನೋಡಲಿ ಎಂದು ನಾನು ದಿನಾ ಬಳಸುವ ಲುವಾ 5.4 ಅನ್ನು ಅಸಿಸ್ಟೆಂಟ್‌ಗೆ ಜೋಡಿಸಿದೆ.

ಇದಕ್ಕೆ ಬಳಸಿದ್ದು ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್, ಅಂದರೆ ಎಂಸಿಪಿ. ಅಸಿಸ್ಟೆಂಟ್ ಹೊರಗಿನ ಟೂಲ್‌ಗಳ ಜೊತೆ ಮಾತಾಡಲು ಇರುವ ನಿಯಮಗಳ ಕಟ್ಟು ಇದು. 2024ರ ನವೆಂಬರ್‌ನಲ್ಲಿ ಆಂತ್ರೊಪಿಕ್ ಇದನ್ನು ಹೊರತಂದಿತು. ಟೂಲ್ ಒದಗಿಸುವ ಕಡೆಗೆ ಇದರಲ್ಲಿ ಸರ್ವರ್ ಎಂದು ಹೆಸರು. ಸರ್ವರ್ ಅಂದ ತಕ್ಷಣ ದೊಡ್ಡ ಮಷಿನ್ ನೆನಪಾಗುತ್ತದೆ, ಅಲ್ವಾ? ಇಲ್ಲಿ ಅದು ನಮ್ಮ ಲ್ಯಾಪ್‌ಟಾಪ್‌ನಲ್ಲೇ ಓಡುವ ಪುಟ್ಟ ಪ್ರೋಗ್ರಾಂ. ಅಸಿಸ್ಟೆಂಟ್ ಇರುವ ಆ್ಯಪ್ ಅದನ್ನು ಶುರು ಮಾಡಿ, ಸ್ಟ್ಯಾಂಡರ್ಡ್ ಇನ್‌ಪುಟ್‌ನಲ್ಲಿ ಜೇಸನ್-ಆರ್‌ಪಿಸಿ 2.0 ಸಂದೇಶ (ಜೇಸನ್ ಎಂಬ ಪಠ್ಯ ರೂಪದಲ್ಲಿ ಬರೆದ ಕರೆ) ಕಳಿಸುತ್ತದೆ, ಸಾಲಿಗೊಂದರಂತೆ. ಮೊದಲು ಪರಿಚಯ, ಆಮೇಲೆ ನಿನ್ನ ಬಳಿ ಯಾವ ಟೂಲ್‌ಗಳಿವೆ ಎಂಬ ಪ್ರಶ್ನೆ, ಆಮೇಲೆ ಟೂಲ್‌ಗೆ ಕರೆ. ಉತ್ತರ ಸ್ಟ್ಯಾಂಡರ್ಡ್ ಔಟ್‌ಪುಟ್‌ನಲ್ಲಿ ಹೋಗಬೇಕು. ಐಡಿ ಇಲ್ಲದೆ ಬರುವ ಸಂದೇಶ ಬರೀ ಸೂಚನೆ, ಅದಕ್ಕೆ ಉತ್ತರ ಕೊಡಬಾರದು.

ಸರ್ವರ್ ಅನ್ನೂ ಲುವಾದಲ್ಲೇ ಬರೆದೆ. ಲುವಾದ ಜೊತೆ ಜೇಸನ್ ಲೈಬ್ರರಿ ಬರುವುದಿಲ್ಲ, ಹೊರಗಿನಿಂದ ತಂದುಕೊಳ್ಳಬೇಕು. ಅಲ್ಲೊಂದು ಸೂಕ್ಷ್ಮ ಇದೆ. ಲುವಾದಲ್ಲಿ ಪಟ್ಟಿಗೂ ಆಬ್ಜೆಕ್ಟ್‌ಗೂ ಇರುವುದು ಒಂದೇ ಟೇಬಲ್. ಟೇಬಲ್ ಖಾಲಿ ಇದ್ದರೆ ಕೆಲವು ಲೈಬ್ರರಿಗಳು ಅದನ್ನು ಖಾಲಿ ಪಟ್ಟಿ ಎಂದು ಬರೆಯುತ್ತವೆ. ಪರಿಚಯದ ಉತ್ತರದಲ್ಲಿ ‘ನನ್ನ ಬಳಿ ಟೂಲ್‌ಗಳಿವೆ’ ಎಂದು ಹೇಳುವ ಜಾಗದಲ್ಲಿ ಇರಬೇಕಾದದ್ದು ಖಾಲಿ ಆಬ್ಜೆಕ್ಟ್. ಅದರ ಬದಲು ಖಾಲಿ ಪಟ್ಟಿಯ ಚೌಕ ಬ್ರ್ಯಾಕೆಟ್ ಹೋದರೆ ಆ್ಯಪ್ ಒಪ್ಪದೇ ಇರಬಹುದು. ಪ್ರತಿ ಉತ್ತರದ ನಂತರ ಫ್ಲಶ್ ಮಾಡುವುದೂ, ಅಂದರೆ ಬರೆದದ್ದನ್ನು ಕೂಡಲೇ ಹೊರಗೆ ತಳ್ಳುವುದೂ ಮುಖ್ಯ. ಇಲ್ಲದಿದ್ದರೆ ಉತ್ತರ ಬಫರ್‌ನಲ್ಲೇ ಕೂತಿರುತ್ತದೆ, ಆ ಕಡೆಯವರು ಸುಮ್ನೆ ಕಾಯುತ್ತಿರುತ್ತಾರೆ.

ಪ್ರಿಂಟ್ ಇನ್ನೊಂದು ತಲೆನೋವು. ಅಸಿಸ್ಟೆಂಟ್ ಬರೆದ ಕೋಡ್ ಪ್ರಿಂಟ್ ಮಾಡಿದ್ದೆಲ್ಲ ಅದೇ ಸ್ಟ್ಯಾಂಡರ್ಡ್ ಔಟ್‌ಪುಟ್‌ಗೆ ಹೋಗುತ್ತದೆ, ಪ್ರೋಟೊಕಾಲ್ ಸಂದೇಶಗಳ ನಡುವೆ ಸೇರಿ ಎಲ್ಲ ಕೆಡುತ್ತದೆ. ಹಾಗಾಗಿ ಕೋಡ್‌ಗೆ ಸಿಗುವ ಪ್ರಿಂಟನ್ನೇ ಬದಲಿಸಿದೆ. ಅದು ಸಾಲುಗಳನ್ನು ಒಂದು ಟೇಬಲ್‌ನಲ್ಲಿ ಕೂಡಿಡುತ್ತದೆ, ಕೊನೆಗೆ ಫಲಿತಾಂಶದ ಜೊತೆ ಕಳಿಸುತ್ತೇನೆ. ನನ್ನ ಸ್ವಂತ ಲಾಗ್ ಎಲ್ಲ ಸ್ಟ್ಯಾಂಡರ್ಡ್ ಎರರ್ ಎಂಬ ಬೇರೆ ದಾರಿಗೆ.

ನಾನು ಹೆಚ್ಚು ಹೊತ್ತು ಕೂತಿದ್ದು ಅಸಿಸ್ಟೆಂಟ್‌ಗೆ ಏನು ವಾಪಸ್ ಕೊಡಬೇಕು ಎಂಬುದರ ಮೇಲೆ. ಲುವಾದಲ್ಲಿ ಟೇಬಲ್ ಪ್ರಿಂಟ್ ಮಾಡಿದರೆ ಬರುವುದು ಮೆಮೊರಿ ವಿಳಾಸ. ಅದರಿಂದ ಅಸಿಸ್ಟೆಂಟ್‌ಗೆ ಏನೂ ತಿಳಿಯುವುದಿಲ್ಲ. ಟೇಬಲ್ ಒಳಗಿನದನ್ನು ಬಿಡಿಸಿ ತೋರಿಸುವ ಫಂಕ್ಷನ್ ಬರೆದೆ. ತನ್ನನ್ನೇ ಒಳಗಿಟ್ಟುಕೊಂಡ ಟೇಬಲ್ ಬಂದರೆ ಅಲ್ಲಿಗೇ ನಿಲ್ಲಿಸುತ್ತದೆ. ತಪ್ಪು ಬಂದಾಗಲೂ ಅಷ್ಟೇ ಎಚ್ಚರ ಬೇಕು. ಕೋಡ್ ಸೋತರೆ ಅದನ್ನು ಪ್ರೋಟೊಕಾಲ್ ಮಟ್ಟದ ದೋಷವಾಗಿ ಕಳಿಸಬಾರದು. ಮಾಮೂಲಿ ಫಲಿತಾಂಶದ ಒಳಗೇ ಇಟ್ಟು, ಇದು ತಪ್ಪು ಎಂಬ ಗುರುತು ಹಾಕಬೇಕು. ಆಗ ಮಾಡೆಲ್‌ಗೆ ಅದು ಕಾಣುತ್ತದೆ. ‘ಸಾಲು 4ರಲ್ಲಿ ನಿಲ್ (ಏನೂ ಇಲ್ಲದ) ಮೌಲ್ಯವನ್ನು ಫಂಕ್ಷನ್‌ನಂತೆ ಕರೆಯಲು ಹೋಗಿದ್ದೀಯ’ ಎಂಬಷ್ಟು ಸಿಕ್ಕರೆ ಸಾಕು, ತಾನೇ ತಿದ್ದಿಕೊಂಡು ಮತ್ತೆ ಕರೆಯುತ್ತದೆ. ಬರೀ ‘ವಿಫಲ’ ಎಂದು ಕಳಿಸಿದರೆ ಮತ್ತೆ ಊಹೆಗೆ ಇಳಿಯುತ್ತದೆ. ಅಲ್ಲಿಗೆ ಇಷ್ಟೆಲ್ಲ ಮಾಡಿಯೂ ಏನು ಬಂತು?

ಸುರಕ್ಷತೆಯ ಮಾತು. ಕೋಡನ್ನು ಲೋಡ್ ಮಾಡುವಾಗ ಬೇರೆಯೇ ಎನ್ವಿರಾನ್‌ಮೆಂಟ್, ಅಂದರೆ ಅದು ಬಳಸಬಹುದಾದ ಹೆಸರುಗಳ ಟೇಬಲ್ ಕೊಡುತ್ತೇನೆ. ಅದರಲ್ಲಿ ಫೈಲ್ ತೆರೆಯುವುದು, ಶೆಲ್ ಕಮಾಂಡ್ ಓಡಿಸುವುದು ಇಲ್ಲ. ಮೊದಲೇ ಕಂಪೈಲ್ ಆದ ಬೈನರಿ ಚಂಕ್ ಕೂಡ ಒಪ್ಪುವುದಿಲ್ಲ, ಪಠ್ಯ ಮಾತ್ರ. ಮುಗಿಯದ ಲೂಪ್‌ಗೆ ಡಿಬಗ್ ಹುಕ್ ಇದೆ, ಲುವಾ ಇಷ್ಟು ಹೆಜ್ಜೆ ಓಡಿದಮೇಲೆ ನಿಲ್ಲಿಸು ಎನ್ನಬಹುದು. ಇದನ್ನೇ ನಂಬಿ ಕೂರಬೇಡಿ. ಒಂದು ಅಕ್ಷರವನ್ನು ನೂರು ಕೋಟಿ ಸಲ ಜೋಡಿಸು ಎಂದು ಸ್ಟ್ರಿಂಗ್ ಲೈಬ್ರರಿಗೆ ಹೇಳಿದರೆ ಆ ಕೆಲಸ ಸಿ ಭಾಷೆಯ ಒಳಗೆ ನಡೆಯುತ್ತದೆ, ಹುಕ್ ಅಲ್ಲಿ ತಟ್ಟುವುದೇ ಇಲ್ಲ. ಎನ್ವಿರಾನ್‌ಮೆಂಟ್‌ನಿಂದ ಆ ಲೈಬ್ರರಿ ತೆಗೆದರೂ ಯಾವುದೇ ಸ್ಟ್ರಿಂಗ್‌ನ ಮೂಲಕ ಅದು ಸಿಗುತ್ತದೆ. ಅದಕ್ಕೇ ಇಡೀ ಸರ್ವರ್ ಅನ್ನು ಡಾಕರ್ ಕಂಟೇನರ್‌ನಲ್ಲಿ, ಅಂದರೆ ಉಳಿದ ಸಿಸ್ಟಮ್‌ನಿಂದ ಬೇರ್ಪಡಿಸಿದ ಡಬ್ಬಿಯಂಥದ್ದರಲ್ಲಿ ಓಡಿಸುತ್ತೇನೆ. ನೆಟ್‌ವರ್ಕ್ ಇಲ್ಲ, ಮೆಮೊರಿಗೆ ಮಿತಿ ಇದೆ.

ಈಗ ಇರುವುದು ಎರಡೇ ಟೂಲ್: ಕೋಡ್ ಓಡಿಸುವುದು, ಎಲ್ಲ ಅಳಿಸಿ ಹೊಸದಾಗಿ ಶುರು ಮಾಡುವುದು. ಒಂದು ಕರೆಯಲ್ಲಿ ಇಟ್ಟ ಗ್ಲೋಬಲ್ ವೇರಿಯಬಲ್ ಮುಂದಿನ ಕರೆಗೂ ಸಿಗುತ್ತದೆ, ಲೋಕಲ್ ವೇರಿಯಬಲ್ ಸಿಗುವುದಿಲ್ಲ. ಈ ಮಾತನ್ನು ಟೂಲ್‌ನ ವಿವರಣೆಯಲ್ಲೇ ಬರೆದಿಡಿ. ಅಸಿಸ್ಟೆಂಟ್ ಓದುವ ಕೈಪಿಡಿ ಅದೊಂದೇ.