ರೇವ್ ಝೀನ್ ರೂಪ ಬೇಕೇ? ಜೆರಾಕ್ಸ್ ಅಂಗಡಿಗೆ ಎರಡು ಸಲ ಹೋಗಿ

ಕಂಪ್ಯೂಟರ್‌ನಲ್ಲಿ ನೀಟಾಗಿ ಪೋಸ್ಟರ್ ಮಾಡಿ, ಕೊನೆಗೆ ಅದಕ್ಕೊಂದು ‘ಹಳೇ ಕಾಗದ’ದ ಫಿಲ್ಟರ್ ಹಾಕಿ, ರೇವ್ ಝೀನ್ ಥರ ಆಯ್ತು ಅನ್ನುವವರನ್ನು ತುಂಬ ನೋಡಿದ್ದೇನೆ. ಆಗಿರುವುದಿಲ್ಲ. ಕೊಳೆಯ ಕಲೆ ಎಲ್ಲ ಕಡೆ ಒಂದೇ ಸಮ ಇರುತ್ತದೆ, ಅಲ್ಲೇ ಗೊತ್ತಾಗಿಬಿಡುತ್ತದೆ.

ರೇವ್ ಅಂದರೆ ರಾತ್ರಿಯಿಡೀ ಎಲೆಕ್ಟ್ರಾನಿಕ್ ಸಂಗೀತಕ್ಕೆ ಕುಣಿಯುವ ಪಾರ್ಟಿ. ಝೀನ್ ಅಂದರೆ ಅಭಿಮಾನಿಗಳೇ ಬರೆದು, ಅಂಟಿಸಿ, ಹಂಚುವ ಪುಟ್ಟ ಪತ್ರಿಕೆ. 1986ರಲ್ಲಿ ಲಂಡನ್ನಿನಲ್ಲಿ, ಮುಂದೆ ಡಿಜೆಗಳಾಗಿ ಹೆಸರಾದ ಟೆರ್ರಿ ಫಾರ್ಲಿ, ಆಂಡ್ರೂ ವೆದರಾಲ್ ಮತ್ತು ಗೆಳೆಯರು ಶುರು ಮಾಡಿದ ‘ಬಾಯ್ಸ್ ಓನ್’ನಲ್ಲಿ ಹಾಡು, ಫುಟ್‌ಬಾಲ್, ಬಟ್ಟೆಬರೆ, ಹರಟೆ ಎಲ್ಲ ಇತ್ತು. ಎರಡು ವರ್ಷದಲ್ಲಿ ಬ್ರಿಟನ್ನಿನಲ್ಲಿ ಆ್ಯಸಿಡ್ ಹೌಸ್ ಅನ್ನುವ ಎಲೆಕ್ಟ್ರಾನಿಕ್ ಕುಣಿತದ ಸಂಗೀತದ ಅಲೆ ಎದ್ದಿತು. ಕಣ್ಣು ಕುಕ್ಕುವ ಬಣ್ಣ, ಏರ್‌ಬ್ರಷ್‌ನಿಂದ ಬಣ್ಣ ಸಿಂಪಡಿಸಿ ಬರೆದ ಚಿತ್ರ ದೊಡ್ಡ ಪಾರ್ಟಿಗಳ ಫ್ಲೈಯರ್‌ಗಳದ್ದು, ಅಂದರೆ ಕರಪತ್ರಗಳದ್ದು. ಅವನ್ನು ದುಡ್ಡು ಕೊಟ್ಟು ಅಚ್ಚು ಹಾಕಿಸುತ್ತಿದ್ದರು. ಝೀನ್‌ನ ಬಂಡವಾಳ ಟೈಪ್‌ರೈಟರ್, ಕತ್ತರಿ, ಗೋಂದು, ಕಪ್ಪು ಟೋನರ್ (ಜೆರಾಕ್ಸ್ ಮೆಷಿನ್‌ನ ಮಸಿಪುಡಿ). ಎರಡನ್ನೂ ಕಲಸಬೇಡಿ.

1. ಒಂದು ಎ4 ಹಾಳೆಯನ್ನು ಮೂರು ಸಲ ಮಡಚಿ ಎಂಟು ಪುಟ ಮಾಡಿ. ಬಿಡಿಸಿ, ನಡುವಿನ ಉದ್ದ ಗೆರೆಯಲ್ಲಿ ಮಧ್ಯದ ಎರಡು ಮನೆಯಷ್ಟು ಮಾತ್ರ ಸೀಳಿ, ಪುಸ್ತಕದಂತೆ ಮಡಚಿ. ಪುಟಸಂಖ್ಯೆ ಬರೆದು ಮತ್ತೆ ಬಿಡಿಸಿದರೆ ಯಾವ ಪುಟ ತಲೆಕೆಳಗಾಗಿ ಬರುತ್ತದೆ ಅನ್ನುವುದು ತಿಳಿಯುತ್ತದೆ.

2. ಫೋಟೊ ಆರಿಸಿ. ಪತ್ರಿಕೆಯಲ್ಲಿ ಬಂದದ್ದಾದರೆ ಇನ್ನೂ ಒಳ್ಳೇದು, ದೊಡ್ಡದು ಮಾಡಿದಾಗ ಅಚ್ಚಿನ ಚುಕ್ಕಿಗಳು ಎದ್ದು ಕಾಣುತ್ತವೆ.

3. ಈಗ ಜೆರಾಕ್ಸ್. ಎಲ್ಲರೂ ಎಡವುವುದು ಇಲ್ಲೇ. ಚಿತ್ರ, ಬರಹ ಎರಡನ್ನೂ ಅಂಟಿಸಿ, ಒಟ್ಟಿಗೇ ನಕಲಿನ ಮೇಲೆ ನಕಲು ತೆಗೆಸುತ್ತಾರೆ. ಚಿತ್ರ ಚೆನ್ನಾಗಿ ಒರಟಾಗುತ್ತದೆ, ಆದರೆ ಬರಹ ಸತ್ತುಹೋಗುತ್ತದೆ. ಕನ್ನಡಕ್ಕಂತೂ ಇದರ ಪೆಟ್ಟು ಜಾಸ್ತಿ. ಮೂರನೇ ನಕಲಿನ ಹೊತ್ತಿಗೆ ‘ಥ’ದ ಹೊಟ್ಟೆಯ ಚುಕ್ಕಿ ಕರಗಿ ಮಸಿಯಾಗುತ್ತದೆ, ‘ಷ’ದ ಒಳಗೀರು ತುಂಬಿಕೊಳ್ಳುತ್ತದೆ, ಸಣ್ಣ ಒತ್ತಕ್ಷರಗಳು ಮುದ್ದೆಯಾಗುತ್ತವೆ. ಝೀನ್ ಮಾಡುತ್ತಿದ್ದವರು ಓದಲಿ ಅಂತಲೇ ಮಾಡುತ್ತಿದ್ದರು. ಓದಲಾಗದ ಝೀನ್ ನನಗೆ ಬೇಡ.

ಹಾಗಾಗಿ ಮೊದಲ ಸಲ ಚಿತ್ರ ಮಾತ್ರ ಒಯ್ಯಿರಿ. ಅಂಗಡಿಯವರಿಗೆ ಬಿಡುವಿರುವ ಹೊತ್ತು ನೋಡಿ, ಏನು ಮಾಡುತ್ತೀರಿ ಅಂತ ಮೊದಲೇ ಹೇಳಿ. ಮೆಷಿನ್‌ನಲ್ಲಿ ‘ಫೋಟೊ’ ಬೇಡ, ‘ಟೆಕ್ಸ್ಟ್’ ಇಡಿಸಿ, ನಡುವಿನ ಬೂದು ಬಣ್ಣ ಉದುರಿ ಕಪ್ಪು ಬಿಳುಪು ಗಟ್ಟಿಯಾಗುತ್ತದೆ. 200 ಪರ್ಸೆಂಟ್‌ಗೆ ಹಿಗ್ಗಿಸಿ, ಅದರಲ್ಲಿ ಬೇಕಾದ ಭಾಗ ಕತ್ತರಿಸಿ, ಅದನ್ನೇ ಮತ್ತೆ ಹಿಗ್ಗಿಸಿ. ಮೂರು ಸುತ್ತು ಸಾಕು. ಮುಖ ಎಳೆದಂತೆ ಕಾಣಬೇಕಾ? ಮೇಲಿನ ಫೀಡರ್‌ಗೆ ಹಾಕದೆ ಗಾಜಿನ ಮೇಲೆ ಇಡಿ. ಬೆಳಕಿನ ಪಟ್ಟಿ ಹೋಗುವ ದಿಕ್ಕಿಗೇ ಹಾಳೆ ಜರುಗಿಸಿದರೆ ಚಿತ್ರ ಉದ್ದವಾಗುತ್ತದೆ, ಎದುರು ಜರುಗಿಸಿದರೆ ಕುಗ್ಗುತ್ತದೆ, ಅಕ್ಕಪಕ್ಕ ಅಲ್ಲಾಡಿಸಿದರೆ ಅಲೆಯಾಗುತ್ತದೆ. ಪ್ರತಿ ಸಲ ಬೇರೆಯೇ ಬರುತ್ತದೆ. ಐದಾರು ತೆಗೆಸಿ, ಒಂದನ್ನು ಆರಿಸಿ.

4. ಮನೆಗೆ ಬಂದು, ಆ ಪುಟಸಂಖ್ಯೆ ನೋಡಿಕೊಂಡು ಎ4 ಹಾಳೆಯ ಮೇಲೆ ಅಂಟಿಸಿ. ಗ್ಲೂ ಸ್ಟಿಕ್ಕೇ ಇರಲಿ. ನೀರು ನೀರಾದ ಬಿಳಿ ಗೋಂದಿನಿಂದ ಕಾಗದ ಸುಕ್ಕಾಗುತ್ತದೆ, ಸುಕ್ಕು ಜೆರಾಕ್ಸ್‌ನಲ್ಲಿ ನೆರಳಾಗುತ್ತದೆ. ಬರಹವನ್ನು ಈಗ ಮಾತ್ರ ಸೇರಿಸಿ. ಸ್ವಲ್ಪ ಓರೆಯಾದರೆ ಇರಲಿ, ಆದರೆ ಬೇಕಂತಲೇ ಎಲ್ಲವನ್ನೂ ಓರೆ ಮಾಡಬೇಡಿ. ಒಡೆದ ಅಕ್ಷರದ ‘ಗ್ರಂಜ್’ ಫಾಂಟ್‌ಗಳನ್ನು ಮುಟ್ಟಲೇಬೇಡಿ: ಅದರಲ್ಲಿ ಬರುವ ಎಲ್ಲ ‘ಅ’ಗಳೂ ಒಂದೇ ಜಾಗದಲ್ಲಿ ಒಡೆದಿರುತ್ತವೆ. ಕೈಬರಹವೇ ಎಷ್ಟೋ ವಾಸಿ. ಹಾಳೆಯ ಸುತ್ತ ಒಂದು ಸೆಂಟಿಮೀಟರ್ ಖಾಲಿ ಬಿಡಿ, ತುದಿಯವರೆಗೆ ಮೆಷಿನ್ ಅಚ್ಚು ಹಾಕುವುದಿಲ್ಲ.

5. ಎರಡನೇ ಸಲ ಅಂಗಡಿಗೆ ಹೋದಾಗ ಮೊದಲು ಒಂದೇ ಪ್ರತಿ ತೆಗೆಸಿ. ಅಂಟಿಸಿದ ತುಂಡುಗಳ ಅಂಚು ತೆಳು ಗೆರೆಯಾಗಿ ಬಂದಿರುತ್ತದೆ. ಕೆಲವನ್ನು ಉಳಿಸಿ, ಅದೇ ಈ ರೂಪದ ಚೆಂದ. ಅಕ್ಷರದ ಮೇಲೆ ಹಾದುಹೋದವನ್ನು ವೈಟ್ನರ್‌ನಿಂದ ಅಳಿಸಿ. ವೈಟ್ನರ್ ಹಚ್ಚಬೇಕಾದ್ದು ನಕಲಿಗೆ, ಮೂಲಕ್ಕಲ್ಲ. ಅದು ಪೂರ್ತಿ ಒಣಗಲಿ, ಇಲ್ಲವಾದರೆ ಅಂಗಡಿಯವರ ಗಾಜಿಗೆ ಅಂಟುತ್ತದೆ. ಇನ್ನು ಮೇಲೆ ತಿದ್ದಿದ ಆ ನಕಲೇ ನಿಮ್ಮ ಮಾಸ್ಟರ್, ಪ್ರತಿಗಳೆಲ್ಲ ಅದರಿಂದಲೇ.

6. ತೆಳು ಹಳದಿ ಅಥವಾ ಗುಲಾಬಿ ಕಾಗದದ ಮೇಲೆ ಬೇಕಾದಷ್ಟು ಪ್ರತಿ ತೆಗೆಸಿ, ಸೀಳಿ, ಮಡಚಿ. ಮಾಸ್ಟರನ್ನು ಪ್ಲಾಸ್ಟಿಕ್ ಫೋಲ್ಡರ್‌ನಲ್ಲಿ ಇಡಬೇಡಿ. ಟೋನರ್ ಪ್ಲಾಸ್ಟಿಕ್‌ಗೆ ಅಂಟಿಕೊಂಡು ಅಕ್ಷರ ಕಿತ್ತು ಬರುತ್ತದೆ. ಎರಡು ಬಿಳಿ ಹಾಳೆಗಳ ನಡುವೆ ಇಡಿ.