ಕಣ್ಣು ಕಡ್ಡಿ ಮೇಲಿರಲಿ: ಏರೋಪ್ಲೇನ್ ಚಿಟ್ಟೆಯ ಫೋಟೊ ತೆಗೆಯುವುದು ಹೇಗೆ?

ಏರೋಪ್ಲೇನ್ ಚಿಟ್ಟೆಯ ಬಾಲಕ್ಕೆ ದಾರ ಕಟ್ಟಿ ಹಾರಿಸಿದ ಪಾಪಿಗಳಲ್ಲಿ ನಾನೂ ಒಬ್ಬ. ಈಗ ಅದೇ ಕೆರೆ ಏರಿ ಮೇಲೆ ಕ್ಯಾಮೆರಾ ಹಿಡಿದು ಕೂರುತ್ತೇನೆ. ಶುರುವಿನಲ್ಲಿ ಹುಳದ ಹಿಂದೆ ಓಡಿದ್ದೇ ಬಂತು, ಸಿಕ್ಕಿದ್ದೆಲ್ಲ ಖಾಲಿ ಕಡ್ಡಿಯ ಫೋಟೊ. ನೋಡಬೇಕಾದದ್ದೂ ಆ ಕಡ್ಡಿಯನ್ನೇ ಅಂತ ಆಮೇಲೆ ಗೊತ್ತಾಯಿತು.

ಮೊದಲು ಹೊತ್ತು. ಮಳೆಗಾಲ ಮುಗಿಯುತ್ತಾ ಬಂದಾಗ, ಬಿಸಿಲಿರುವ ದಿನ, ಬೆಳಿಗ್ಗೆ 8ರಿಂದ 11ರೊಳಗೆ ಹೋಗಿ. ಮೋಡ ಕವಿದರೆ ಇವು ಜೊಂಡಿನೊಳಗೆ ಸೇರಿಕೊಳ್ಳುತ್ತವೆ.

ನೀರಂಚಿನಲ್ಲಿ ಎದ್ದು ನಿಂತ ಒಣಕಡ್ಡಿ ಹುಡುಕಿ. ಸೂರ್ಯ ನಿಮ್ಮ ಬೆನ್ನ ಹಿಂದಿರಲಿ, ನಿಮ್ಮ ನೆರಳು ಮಾತ್ರ ಕಡ್ಡಿ ಮೇಲೆ ಬೀಳಬಾರದು. ಗಂಡು ಹುಳ ಅಲ್ಲಿ ಕೂತು ತನ್ನ ಜಾಗ ಕಾಯುತ್ತದೆ. ಇನ್ನೊಂದು ಗಂಡು ಬಂದರೆ ಅಟ್ಟಿಸಿಕೊಂಡು ಹೋಗುತ್ತದೆ, ಮತ್ತೆ ಬಂದು ಅದೇ ಕಡ್ಡಿಯ ತುದಿಯಲ್ಲಿ ಕೂರುತ್ತದೆ. ಅದು ಎದ್ದು ಹೋದಾಗ ನೀವು ಒಂದೇ ಹೆಜ್ಜೆ ಮುಂದಿಡಿ. ವಾಪಸು ಬಂದಾಗ ಕಲ್ಲಿನ ಹಾಗೆ ನಿಲ್ಲಿ. ನಾಲ್ಕೈದು ಸುತ್ತಿನಲ್ಲಿ ಹತ್ತಿರ ತಲುಪಿರುತ್ತೀರಿ.

ಇನ್ನು ಫೋಟೊ. ಕ್ಯಾಮೆರಾ ಹುಳದ ಮೈಗೆ ಸರಿಯಾಗಿ ಪಕ್ಕದಲ್ಲಿರಬೇಕು. ಓರೆಯಾದರೆ ತಲೆ ಸ್ಪಷ್ಟ, ಬಾಲ ಮಸುಕು. ಫೋಕಸ್ ಕಣ್ಣಿಗೆ. ಶಟರ್ ವೇಗ 1/500 ಸೆಕೆಂಡು, ಅಪರ್ಚರ್ (ಲೆನ್ಸಿನಲ್ಲಿ ಬೆಳಕು ಒಳಬಿಡುವ ಕಿಂಡಿ) ಎಫ್/8 ಇಟ್ಟರೆ ಸಾಕು. ಹಾರುವಾಗ ಹಿಡಿಯಬೇಕೆಂದರೆ 1/1000ಕ್ಕಿಂತ ವೇಗ ಬೇಕು, ತಾಳ್ಮೆ ಅದಕ್ಕಿಂತ ಜಾಸ್ತಿ ಬೇಕು. ಮೊಬೈಲ್ ಆದರೆ 2ಎಕ್ಸ್ ಜೂಮ್ ಹಾಕಿ, ಕಣ್ಣಿನ ಮೇಲೆ ಬೆರಳೊತ್ತಿ, ಬೆಳಕನ್ನು ಸ್ವಲ್ಪ ಇಳಿಸಿ. ಇಲ್ಲವಾದರೆ ರೆಕ್ಕೆ ಬೆಳ್ಳಗೆ ಹೊಳೆದುಬಿಡುತ್ತದೆ.

ಯಾರು ಯಾರು ಸಿಗುತ್ತಾರೆ? ಗುಲಾಬಿ ಮೈಯ ಕ್ರಿಮ್ಸನ್ ಮಾರ್ಷ್ ಗ್ಲೈಡರ್, ಚಿಟ್ಟೆಯೆಂದೇ ಮೋಸಹೋಗುವಂಥ ಹಳದಿ-ಕಪ್ಪು ರೆಕ್ಕೆಯ ಪಿಕ್ಚರ್ ವಿಂಗ್. ನೀರು ಕೊಳಕಾಗಿದ್ದರೂ ಕಿತ್ತಳೆ ಬಣ್ಣದ ಡಿಚ್ ಜ್ಯುವೆಲ್ ಇದ್ದೇ ಇರುತ್ತದೆ. ಅದೊಂದೇ ಜಾಸ್ತಿ ಕಂಡರೆ ನಿಮ್ಮ ಕೆರೆಗೆ ಚರಂಡಿ ಸೇರುತ್ತಿದೆಯಾ ಅಂತ ನೋಡಿ. ಕೂತಾಗ ರೆಕ್ಕೆ ಮಡಚಿ ಬೆನ್ನಿಗೆ ಸೇರಿಸಿಕೊಳ್ಳುವ ಸಣಕಲು ಹುಳ ಡ್ಯಾಮ್ಸೆಲ್‌ಫ್ಲೈ, ಏರೋಪ್ಲೇನ್ ಚಿಟ್ಟೆಯದೇ ನೆಂಟ. ಮೈದಾನದ ಮೇಲೆ ಗುಂಪಾಗಿ ಸುತ್ತುವ ಹಳದಿ ವಾಂಡರಿಂಗ್ ಗ್ಲೈಡರ್ ಹತ್ತಿರ ಮಾತ್ರ ಕಡ್ಡಿ ಉಪಾಯ ನಡೆಯದು. ಹಿಂದೂ ಮಹಾಸಾಗರ ದಾಟಿ ಆಫ್ರಿಕಾಕ್ಕೆ ಹೋಗುವ ಹುಳ ಅದು, ಕೂರುವುದೇ ಕಡಿಮೆ.

ಹುಳ ಬರಲಿಲ್ಲವೆಂದು ಸುಮ್ನೆ ಎದ್ದು ಹೋಗಬೇಡಿ, ಜೊಂಡಿನ ಬುಡ ನೋಡಿ. ಕಂದು ಬಣ್ಣದ ಒಣ ಪೊರೆ ಅಂಟಿರುತ್ತದೆ. ಆರೂ ಕಾಲು ಕಡ್ಡಿಯನ್ನು ತಬ್ಬಿಕೊಂಡೇ ಇರುತ್ತವೆ, ಬೆನ್ನು ಸೀಳಿರುತ್ತದೆ, ಸೀಳಿನಿಂದ ಬಿಳಿ ನೂಲಿನಂಥ ಎಳೆಗಳು ಹೊರಗೆ ಬಂದಿರುತ್ತವೆ. ಅವು ಒಳಗಿನ ಉಸಿರುನಳಿಕೆಗಳ ಪದರ. ನೀರಿನಲ್ಲಿ ಸೊಳ್ಳೆ ಮರಿ ತಿಂದು ಬೆಳೆದ ಹುಳ ಅಲ್ಲಿಂದಲೇ ಹೊರಬಿದ್ದು ಹಾರಿದ್ದು.

ಕಾರನ್ನು ಮಾತ್ರ ಕೆರೆಯಿಂದ ದೂರ ನಿಲ್ಲಿಸಿ. ಹೊಳೆಯುವ ಬಾನೆಟ್ಟನ್ನು ನೀರೆಂದುಕೊಂಡು ಅದರ ಮೇಲೆ ಮೊಟ್ಟೆಯಿಡುವ ಹುಳಗಳೂ ಇವೆ.

ಮಧ್ಯಾಹ್ನ ಬಿಸಿಲೇರಿದಾಗ ಕಡ್ಡಿ ಮೇಲಿನ ಹುಳ ಬಾಲವನ್ನು ನೆಟ್ಟಗೆ ಸೂರ್ಯನತ್ತ ಎತ್ತುತ್ತದೆ. ಮೈಗೆ ಬಿಸಿಲು ಕಡಿಮೆ ತಾಗಲಿ ಅಂತ ಈ ಶೀರ್ಷಾಸನ. ಅದನ್ನೊಂದು ಕ್ಲಿಕ್ಕಿಸಿ, ನೀವೂ ನೆರಳಿಗೆ ಬನ್ನಿ.